ಬಯಲೇ ಪಾಠಶಾಲೆ: ಮಣ್ಣು, ನೀರು, ಕಾಡುಗಳ ಕಾಯಕದತ್ತ ಮಕ್ಕಳ ಹೆಜ್ಜೆ

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾಯಿತೆಂದರೆ ಬಹುತೇಕ ಎಲ್ಲ ಮನೆಗಳಲ್ಲಿಯೂ ಒಂದೇ ಪ್ರಶ್ನೆ ತಲೆಯೆತ್ತುತ್ತದೆ: ಮಕ್ಕಳನ್ನು ಮುಂದೆ ಏನು ಓದಿಸುವುದು? ಹತ್ತನೆಯ ತರಗತಿ ಮುಗಿಸಿದವರ ಮನೆಯಲ್ಲಿ ಇದು ಫಲಿತಾಂಶಕ್ಕೂ ಮೊದಲೇ ಚರ್ಚೆಗೆ ಬರುತ್ತದೆ. ಪಿ.ಯು.ಸಿ. ಮುಗಿಸಿದವರ ಮನೆಯಲ್ಲಿ ಅದೇ ಚರ್ಚೆ ಚಿಂತೆಯಾಗಿ ಪರಿಣಮಿಸುತ್ತದೆ. ನೆಂಟರು ಹೇಳುವುದು ಒಂದು, ನೆರೆಹೊರೆಯವರು ಹೇಳುವುದು ಇನ್ನೊಂದು. ಕೊನೆಗೆ ಡಾಕ್ಟರು, ಇಂಜಿನಿಯರು, ಕಂಪ್ಯೂಟರು ಎಂಬ ಮೂರು ಮಾತುಗಳ ನಡುವೆಯೇ ಮಗುವಿನ ಭವಿಷ್ಯವು ತೂಗಾಡುತ್ತದೆ. ತಾನು ಆರಿಸಿಕೊಳ್ಳುವ ಕೆಲಸವನ್ನು ಆ ಮಗು ಒಮ್ಮೆಯಾದರೂ ಕಣ್ಣಾರೆ ಕಂಡಿದೆಯೇ ಎಂದು ಕೇಳುವವರು ವಿರಳ.

ಮೈಸೂರಿನಿಂದ ನಂಜನಗೂಡಿಗೆ ಸಾಗುವ ದಾರಿಯಲ್ಲಿರುವ ತಾಂಡ್ಯದ ಸುತ್ತಮುತ್ತಲಿನ ಕುಟುಂಬಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ತಾಂಡ್ಯವೆಂದೊಡನೆ ಇಂದು ಜನರ ಮನಸ್ಸಿಗೆ ಬರುವುದು ಕೈಗಾರಿಕಾ ಪ್ರದೇಶ. ಕಾರ್ಖಾನೆಗಳಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಎಷ್ಟೋ ಮಕ್ಕಳ ಓದು ಸಾಗಿದೆ. ಅದನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಆದರೆ ದಿನವೂ ಕಾರ್ಖಾನೆಯ ಬಾಗಿಲನ್ನೇ ಕಂಡು ಬೆಳೆದ ಮಗುವಿಗೆ ಉದ್ಯೋಗವೆಂದರೆ ಆ ಬಾಗಿಲೊಂದೇ ಎನಿಸಿಬಿಡುವ ಅಪಾಯವೂ ಉಂಟು. ಇದೇ ಸೀಮೆಯಲ್ಲಿ ಕಪಿಲೆ ಹರಿಯುತ್ತಾಳೆ; ನಾಲೆಯ ಬಯಲುಗಳಲ್ಲಿ ಭತ್ತ, ಕಬ್ಬು, ಬಾಳೆ, ಹಿಪ್ಪುನೇರಳೆಗಳು ಬೆಳೆಯುತ್ತವೆ; ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆಗೆ ಹೋದರೆ ಬಂಡೀಪುರದ ಕಾಡಿನ ಅಂಚು ಸಿಗುತ್ತದೆ. ಈ ಮಣ್ಣು, ನೀರು, ಕಾಡುಗಳನ್ನು ಅರಿತು ಕಾಪಾಡುವುದು ಕೂಡ ವಿದ್ಯಾವಂತರ ಉದ್ಯೋಗವೇ. ಅದಕ್ಕೆ ಕಾಲೇಜುಗಳಿವೆ, ಪದವಿಗಳಿವೆ, ಹುದ್ದೆಗಳಿವೆ. ಕಾಣದ ಕೆಲಸವನ್ನು ಮಕ್ಕಳು ಬಯಸಲಾರರಾದ್ದರಿಂದ, ಬೇಸಿಗೆಯ ಒಂದೆರಡು ವಾರವನ್ನಾದರೂ ಅವರು ಬಯಲಿನಲ್ಲಿ, ಬಲ್ಲವರ ಜೊತೆಯಲ್ಲಿ ಕಳೆಯಬೇಕೆಂಬುದು ನಮ್ಮ ನಮ್ರ ಅಭಿಪ್ರಾಯ.

ಹಳ್ಳಿಗೆ ಬಂದು ಕಲಿಯುವ ಪದವಿ ವಿದ್ಯಾರ್ಥಿಗಳು

ವರ್ಷದ ಕೆಲವು ತಿಂಗಳು ಕೃಷಿ ಕಾಲೇಜಿನ ಹುಡುಗ ಹುಡುಗಿಯರ ತಂಡವೊಂದು ಹಳ್ಳಿಯಲ್ಲಿ ತಂಗಿ, ರೈತರೊಡನೆ ಹೊಲಗದ್ದೆಗಳಲ್ಲಿ ಓಡಾಡುವುದನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮವೆಂದು ಹೆಸರು. ಪುಸ್ತಕದ ಓದಿನಿಂದಷ್ಟೇ ಕೃಷಿ ಪದವೀಧರನು ಸಿದ್ಧನಾಗಲಾರನೆಂಬುದನ್ನು ಮನಗಂಡು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೇಮಿಸಿದ್ದ ರಂಧಾವಾ ಸಮಿತಿಯು 1992ರಲ್ಲಿ ಇದನ್ನು ಪದವಿ ಶಿಕ್ಷಣದ ಅಂಗವನ್ನಾಗಿಸಲು ಶಿಫಾರಸು ಮಾಡಿತು. 2015ರ ಜುಲೈ 25ರಂದು ಇದನ್ನೊಳಗೊಂಡ ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆಯು ರಾಷ್ಟ್ರಮಟ್ಟದಲ್ಲಿ ಉದ್ಘಾಟನೆಗೊಂಡು, ವಿದ್ಯಾರ್ಥಿಗಳಿಗೆ ತಿಂಗಳಿಗೆ 3,000 ರೂಪಾಯಿಗಳ ಭತ್ಯೆಯನ್ನೂ ಗೊತ್ತುಪಡಿಸಲಾಯಿತು.

ಈ ವಿದ್ಯಾರ್ಥಿಗಳ ದಿನಚರಿಯನ್ನು ನೋಡಿದರೆ ಹಿರಿಯರಿಗೂ ಕುತೂಹಲವೆನಿಸುತ್ತದೆ. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ರೈತ ಕುಟುಂಬದ ಆಸರೆ. ಮೊದಲ ದಿನಗಳಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಯಾವ ದಿಕ್ಕಿನಲ್ಲಿ ಯಾವ ಮಣ್ಣು, ಎಲ್ಲಿ ಕೆರೆ, ಎಲ್ಲಿ ಗೋಮಾಳ, ಯಾರ ಬಾವಿ ಬತ್ತಿದೆ ಎಂಬುದನ್ನೆಲ್ಲ ಗುರುತಿಸಿಕೊಳ್ಳುತ್ತಾರೆ. ಆಮೇಲೆ ದೇವಸ್ಥಾನದ ಅಂಗಳದಲ್ಲಿಯೋ ಶಾಲೆಯ ಮುಂದೆಯೋ ರಂಗೋಲಿ ಪುಡಿಯಿಂದ ಊರಿನ ನಕ್ಷೆಯನ್ನೇ ನೆಲದ ಮೇಲೆ ಬಿಡಿಸುತ್ತಾರೆ. ಸುತ್ತ ನೆರೆದ ಅಜ್ಜಂದಿರು ‘ಅಲ್ಲಪ್ಪಾ, ಆ ಹಳ್ಳ ಈ ಕಡೆಗೆ ತಿರುಗುತ್ತದೆ’ ಎಂದು ಕೋಲಿನಿಂದ ತಿದ್ದಿ ತೋರಿಸುತ್ತಾರೆ. ಓದಿದವನು ಗೆರೆ ಎಳೆಯಲು, ಊರನ್ನು ಬಲ್ಲವನು ಅದನ್ನು ತಿದ್ದಲು, ಇಬ್ಬರೂ ಒಂದೇ ನೆಲದ ಮೇಲೆ ಕುಳಿತುಕೊಳ್ಳುವ ಆ ಹೊತ್ತಿನ ಕಲಿಕೆ ಯಾವ ಕೊಠಡಿಯಲ್ಲಿಯೂ ಸಿಗುವಂಥದಲ್ಲ. ಮುಂದಿನ ದಿನಗಳಲ್ಲಿ ಬೀಜೋಪಚಾರ, ಮಣ್ಣಿನ ಮಾದರಿ ತೆಗೆಯುವುದು, ರೋಗ ಕೀಟಗಳ ಗುರುತು ಮೊದಲಾದವುಗಳ ಪ್ರಾತ್ಯಕ್ಷಿಕೆ ನಡೆಯುತ್ತದೆ.

ಆದರೆ ಈ ಅವಕಾಶ ದೊರೆಯುವುದು ಪದವಿಯ ಕೊನೆಯ ವರ್ಷದಲ್ಲಿ. ಅಂದರೆ ದಾರಿಯನ್ನು ಆರಿಸಿಕೊಂಡು ಮೂರು ವರ್ಷ ಕಳೆದ ಮೇಲೆ. ಆಯ್ಕೆಯ ಹೊಸ್ತಿಲಲ್ಲಿ ನಿಂತಿರುವ ಹದಿನೈದು ಹದಿನಾರರ ಮಕ್ಕಳಿಗೆ ಇಂಥದೊಂದು ಕಲಿಕೆ ಬೇಕಲ್ಲವೇ? ಅಮೆರಿಕಾದಲ್ಲಿ ಯುವ ಸಂರಕ್ಷಣಾ ದಳವೆಂಬ ವ್ಯವಸ್ಥೆಯೊಂದು 1970ರಲ್ಲಿ ಆರಂಭವಾಯಿತು. 15ರಿಂದ 18 ವರ್ಷದ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಅರಣ್ಯಗಳಲ್ಲಿಯೂ ಕೂಲಿ ಪಡೆದು ದುಡಿಯುತ್ತಾರೆ. ಕಾಲುದಾರಿ ಸರಿಪಡಿಸುವುದು, ಗಿಡ ನೆಡುವುದು ಮುಂತಾದ ಕೆಲಸಗಳ ಜೊತೆಗೆ ಆ ಕ್ಷೇತ್ರದ ಅಧಿಕಾರಿಗಳ ವೃತ್ತಿಯನ್ನೂ ಹತ್ತಿರದಿಂದ ಕಾಣುತ್ತಾರೆ. ನಮ್ಮಲ್ಲಿ ಅಂಥ ದೊಡ್ಡ ವ್ಯವಸ್ಥೆಗಾಗಿ ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲ. ಮನೆಯವರು ಮನಸ್ಸು ಮಾಡಿದರೆ ತಾಂಡ್ಯದಿಂದ ಅರ್ಧ ದಿನದ ಪ್ರಯಾಣದೊಳಗೇ ಬೇಕಾದಷ್ಟು ಪಾಠಗಳಿವೆ.

ಬೀಜದ ಗುರುತು ಮರೆತ ರೈತರ ಮಕ್ಕಳು

ಈ ಮಾತಿಗೆ ಇನ್ನೊಂದು ಮುಖವಿದೆ. ಅದನ್ನು ಒಕ್ಕಲುತನದ ಮನೆಗಳವರು ವಿಶೇಷವಾಗಿ ಗಮನಿಸಬೇಕು. ನಮ್ಮ ರಾಜ್ಯದ ಕೃಷಿ ಮತ್ತು ತತ್ಸಂಬಂಧಿತ ಪದವಿಗಳ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿಯುಂಟು. ಶೇಕಡಾ 40ರಷ್ಟಿದ್ದ ಈ ಪಾಲನ್ನು 2021ರಲ್ಲಿ ಶೇಕಡಾ 50ಕ್ಕೆ ಏರಿಸಲು ಸರ್ಕಾರವು ತೀರ್ಮಾನಿಸಿತು. ಇದರ ಲಾಭ ಪಡೆಯಲು ಜಮೀನಿನ ಕಾಗದಪತ್ರವೊಂದೇ ಸಾಲದು. ವಿದ್ಯಾರ್ಥಿಯು ಒಂದು ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ಅಲ್ಲಿ ಅವನ ಮುಂದೆ ಕಾಳುಗಳು, ಬೀಜಗಳು, ಕಳೆಗಿಡಗಳು, ಗೊಬ್ಬರಗಳು, ಕೃಷಿ ಉಪಕರಣಗಳನ್ನು ಇಟ್ಟು ಇವು ಯಾವುವೆಂದು ಕೇಳುತ್ತಾರೆ. ಪ್ರವೇಶದ ಅರ್ಹತಾ ಪಟ್ಟಿಯಲ್ಲಿ ಈ ಪರೀಕ್ಷೆಯ ಅಂಕಗಳಿಗೆ ಗಣನೀಯ ಪಾಲುಂಟು.

ಅವರ ತಾತನ ಕಾಲದಲ್ಲಿ ಇಂಥ ಪರೀಕ್ಷೆಯನ್ನು ಕಂಡು ಜನ ನಗುತ್ತಿದ್ದರು. ಹುರುಳಿ, ಅಲಸಂದೆ, ಅವರೆಗಳನ್ನು ಬೇರೆ ಮಾಡಲಾರದ ಮಗು ಯಾವ ಮನೆಯಲ್ಲಿತ್ತು? ಇಂದಿನ ಸ್ಥಿತಿ ಹಾಗಿಲ್ಲ. ಬೆಳಗಾಗುವ ಮೊದಲೇ ಶಾಲೆಯ ವಾಹನ ಹತ್ತಿ, ಸಂಜೆ ಮನೆಪಾಠ ಮುಗಿಸಿ ಬರುವ ಮಗು ತನ್ನ ಮನೆಯ ಹೊಲಕ್ಕೆ ಕಾಲಿಟ್ಟು ವರ್ಷಗಳೇ ಕಳೆದಿರುತ್ತವೆ. ಮಗು ಬಿಸಿಲಿನಲ್ಲಿ ಬಾಡಬಾರದೆಂಬ ಅಕ್ಕರೆಯಿಂದ ನಾವೇ ಅದನ್ನು ಹೊಲದಿಂದ ದೂರವಿಟ್ಟಿದ್ದೇವೆ. ಫಲವಾಗಿ, ರೈತನ ಮಗನೆಂಬ ಹೆಸರಿನಲ್ಲಿ ದೊರೆಯಬೇಕಾದ ಸೀಟು ರೈತನ ಅರಿವಿಲ್ಲದ ಕಾರಣಕ್ಕೆ ಕೈತಪ್ಪುವುದೆಂದರೆ ಎಂಥ ವಿಪರ್ಯಾಸ! ಎರಡು ಬೇಸಿಗೆಗಳನ್ನು ಮಗು ತಾತನ ಹಿಂದೆ ಹೊಲದ ಬದುಗಳ ಮೇಲೆ ಕಳೆದರೆ ಈ ಕೊರತೆ ತಾನಾಗಿ ನೀಗುತ್ತದೆ. ಅದಕ್ಕೆ ಶುಲ್ಕವಿಲ್ಲ, ಅರ್ಜಿಯೂ ಬೇಕಿಲ್ಲ.

ಮಣ್ಣಿನ ಪಾಠ

ಬಯಲಿನ ಓದನ್ನು ಮಣ್ಣಿನಿಂದ ಆರಂಭಿಸುವುದು ಯುಕ್ತ. ನಂಜನಗೂಡು ತಾಲ್ಲೂಕಿನಲ್ಲಿ ಕೆಂಪು ಮಣ್ಣೂ ಉಂಟು, ಕಪ್ಪು ಮಣ್ಣೂ ಉಂಟು. ಒಂದು ನೀರನ್ನು ಬೇಗ ಬಿಟ್ಟುಕೊಡುತ್ತದೆ, ಇನ್ನೊಂದು ಹಿಡಿದಿಟ್ಟುಕೊಳ್ಳುತ್ತದೆ. ಮಾದರಿ ತೆಗೆಯುವ ವಿಧಾನವನ್ನು ಮಕ್ಕಳಿಗೆ ಒಂದೇ ದಿನದಲ್ಲಿ ಕಲಿಸಬಹುದು. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತಾರು ಕಡೆ ಮೇಲಿನ ಕಸವನ್ನು ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಸುಮಾರು ಆರು ಅಂಗುಲ ಆಳದ ಗುಳಿ ತೆಗೆದು, ಅದರ ಪಕ್ಕದಿಂದ ತೆಳುವಾಗಿ ಮಣ್ಣು ಕೆರೆಯಬೇಕು. ಬದುವಿನ ಅಂಚು, ಮರದ ನೆರಳು, ತಿಪ್ಪೆಯ ಸಮೀಪ, ಇವುಗಳನ್ನು ಬಿಡಬೇಕು. ಎಲ್ಲವನ್ನೂ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಳ್ಳುತ್ತ ಹೋದರೆ ಕೊನೆಗೆ ಅರ್ಧ ಕಿಲೋ ಮಣ್ಣು ಉಳಿಯುತ್ತದೆ. ಇಡೀ ಹೊಲದ ಗುಣವನ್ನು ಅದು ಹೇಳುತ್ತದೆ.

ಆ ಮಣ್ಣನ್ನು ಪ್ರಯೋಗಾಲಯಕ್ಕೆ ಒಪ್ಪಿಸಿ, ಬಂದ ವರದಿಯನ್ನು ಮಗುವೇ ತಾತನಿಗೆ ಓದಿ ಹೇಳಲಿ. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಪುಸ್ತಕದ ಶಬ್ದಗಳು ಅಂದು ಮನೆಯ ಗೊಬ್ಬರದ ಖರ್ಚಿನ ಲೆಕ್ಕವಾಗುತ್ತವೆ. ನಾಲೆಯ ನೀರು ಅತಿಯಾಗಿ ನಿಂತ ಕಡೆ ಗದ್ದೆ ಏಕೆ ಚೌಳಾಯಿತೆಂಬ ಪ್ರಶ್ನೆ ಹುಟ್ಟುತ್ತದೆ. ಮಣ್ಣು ವಿಜ್ಞಾನವೆಂಬ ಶಾಸ್ತ್ರವೇ ಇದೆಯೆಂದು ಆಗ ಹೇಳಿದರೆ ಮಗುವಿನ ಕಿವಿ ನೆಟ್ಟಗಾಗುತ್ತದೆ. ಈ ಭಾಗದವರಿಗೆ ಸುತ್ತೂರಿನಲ್ಲಿ 1994ರಲ್ಲಿ ಆರಂಭವಾದ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವು ಸಮೀಪದ ಆಸರೆ. ವಿಜ್ಞಾನಿಗಳೊಡನೆ ನೇರವಾಗಿ ಮಾತನಾಡುವ ಅವಕಾಶ ಅಲ್ಲಿದೆ. ಜಾತ್ರೆಯ ಕೃಷಿ ಮೇಳಕ್ಕೆ ಹೋಗಿ ಬರುವುದರ ಜೊತೆಗೆ, ಬೇರೆ ದಿನಗಳಲ್ಲಿಯೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದೇಕೆ?

ಕಪಿಲೆಯ ದಡದಲ್ಲಿ

ಕಪಿಲೆಯನ್ನು ನಾವು ತಾಯಿಯೆಂದು ನಮಿಸುತ್ತೇವೆ. ಅವಳ ನಡೆಯನ್ನು ಅಳೆಯುವವರು ಇದ್ದಾರೆಂಬುದು ಅನೇಕರಿಗೆ ತಿಳಿಯದು. ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವನ್ನು ತುಂಬಿ, ನಂಜನಗೂಡನ್ನು ಹಾಯ್ದು, ತಿ. ನರಸೀಪುರದಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. ತಿ. ನರಸೀಪುರದಲ್ಲಿ ಕೇಂದ್ರ ಜಲ ಆಯೋಗದ ಅಳತೆಯ ಠಾಣೆಯಿದೆ. ನದಿಯ ನೀರಿನ ಮಟ್ಟವೆಷ್ಟು, ಹರಿವಿನ ವೇಗವೆಷ್ಟು ಎಂಬುದನ್ನು ಅಲ್ಲಿ ದಾಖಲಿಸುತ್ತಾರೆ.

2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ವಯನಾಡಿನ ಮಳೆಗೆ ಕಪಿಲೆ ಉಕ್ಕಿ, ನಂಜನಗೂಡಿನ ಬಳಿ ಮಲ್ಲನಮೂಲೆಯಲ್ಲಿ ಹೆದ್ದಾರಿಯ ಮೇಲೆಯೇ ನೀರು ನಿಂತು ಸಂಚಾರ ನಿಂತದ್ದನ್ನು ಓದುಗರು ಮರೆತಿರಲಾರರು. ಜಲಾಶಯದಿಂದ ಎಷ್ಟು ನೀರು ಬಿಟ್ಟರೆ ಕೆಳಗಿನ ಊರುಗಳಿಗೆ ಎಷ್ಟು ಹೊತ್ತಿನಲ್ಲಿ ತಲಪುತ್ತದೆ ಎಂಬ ಲೆಕ್ಕ ತಪ್ಪಿದರೆ ಮನೆಗಳು ಮುಳುಗುತ್ತವೆ. ಸರಿಯಾದರೆ ಜನ ಮುಂಚಿತವಾಗಿ ಎಚ್ಚೆತ್ತುಕೊಳ್ಳುತ್ತಾರೆ. ಜಲಶಾಸ್ತ್ರ, ಭೂವಿಜ್ಞಾನ, ಅಂತರ್ಜಲ ಸಮೀಕ್ಷೆ, ನೀರಾವರಿ ಇಂಜಿನಿಯರಿಂಗ್‌ಗಳೆಲ್ಲ ಈ ಲೆಕ್ಕದ ಕವಲುಗಳು. ಕಾರ್ಖಾನೆಗಳಿಂದ ಹೊರಬರುವ ನೀರು ಶುದ್ಧವಾಗಿದೆಯೇ ಎಂದು ಪರೀಕ್ಷಿಸುವ ಪರಿಸರ ಇಂಜಿನಿಯರನೂ ನದಿಯ ಕಾವಲುಗಾರನೇ. 1974ರ ಜಲ ಮಾಲಿನ್ಯ ಕಾಯಿದೆಯ ಬಳಿಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಇಂಥ ಹುದ್ದೆಗಳು ಉಂಟಾದುವು. ಕೈಗಾರಿಕೆಯೂ ನದಿಯೂ ಒಟ್ಟಿಗೆ ಇರುವ ನಮ್ಮ ಈ ಸೀಮೆಗೆ ಇಂಥವರ ಅಗತ್ಯ ಬೇರೆಲ್ಲಿಗಿಂತ ಹೆಚ್ಚು.

ರೇಷ್ಮೆಯ ಎಳೆ, ರಸಬಾಳೆಯ ಕಂದು

ತಿ. ನರಸೀಪುರದ ಕಡೆಯ ಹಿಪ್ಪುನೇರಳೆ ತೋಟಗಳು ಇನ್ನೊಂದು ಪಾಠಶಾಲೆ. ಚಾಕಿ ಹುಳುವಿನಿಂದ ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರಗಳ ಕಥೆ ಅದು. ಬೇಸಿಗೆಯ ರಜೆಯೊಳಗೆ ಆರಂಭದಿಂದ ಕೊನೆಯವರೆಗೆ ನೋಡಿ ಮುಗಿಸಬಹುದು. ಹುಳು ನಾಲ್ಕು ಸಲ ‘ಜ್ವರ’ಕ್ಕೆ ಮಲಗಿ ಏಳುವುದು, ಕೊನೆಯ ಹಂತದಲ್ಲಿ ಹಗಲಿರುಳೆನ್ನದೆ ಸೊಪ್ಪು ತಿನ್ನುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಇವನ್ನೆಲ್ಲ ಮಗು ದಿನವೂ ಬರೆದಿಡಲಿ. ಮೈಸೂರಿನಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ವಿಜ್ಞಾನಿಗಳು 1997ರಲ್ಲಿ ಬಳಕೆಗೆ ತಂದ ‘ವಿ-1’ ಎಂಬ ಹಿಪ್ಪುನೇರಳೆ ತಳಿಯು ನಮ್ಮ ರೈತರ ತೋಟಗಳ ಸೊಪ್ಪಿನ ಇಳುವರಿಯನ್ನೇ ಬದಲಿಸಿತು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣದ ಹಾವಳಿಯನ್ನು ತಡೆಯಲು, ಆ ನೊಣದ ಕೋಶದಲ್ಲಿಯೇ ಮೊಟ್ಟೆಯಿಟ್ಟು ಅದನ್ನು ನಾಶಪಡಿಸುವ ಪುಟ್ಟ ಕೀಟವನ್ನು ಸಾಕಿ ಹಂಚಲಾಯಿತು. ಕೀಟವನ್ನು ಕೀಟದಿಂದಲೇ ಗೆಲ್ಲುವ ಈ ವಿದ್ಯೆಯನ್ನು ಕೇಳಿದ ಮಕ್ಕಳು ಬೆರಗಾಗದೆ ಇರಲಾರರು. ಹೆಸರಾದ ಮೈಸೂರು ರೇಷ್ಮೆ ಸೀರೆಯ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯೂ ತಿ. ನರಸೀಪುರದಲ್ಲಿಯೇ ಇರುವುದರಿಂದ, ಎಲೆಯಿಂದ ಎಳೆಯವರೆಗಿನ ಪಯಣವೆಲ್ಲ ಒಂದೇ ತಾಲ್ಲೂಕಿನಲ್ಲಿದೆ.

ನಂಜನಗೂಡಿನ ರಸಬಾಳೆಯ ಕಥೆ ಅಷ್ಟು ಸುಖದ್ದಲ್ಲ. ತನ್ನದೇ ಕಂಪಿನಿಂದ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹಣ್ಣು ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ತೋಟಗಳಿಂದ ಬಹುಮಟ್ಟಿಗೆ ಮರೆಯಾಯಿತು. ಆ ರೋಗದ ಶಿಲೀಂಧ್ರವು ಮಣ್ಣಿನಲ್ಲಿ ದಶಕಗಳ ಕಾಲ ಅಡಗಿರಬಲ್ಲುದು. ಸೋಂಕಿದ ತೋಟದ ಕಂದನ್ನು ಪ್ರೀತಿಯಿಂದ ನೆಂಟರಿಗೆ ಕೊಟ್ಟರೆ ರೋಗವನ್ನೂ ಕೊಟ್ಟಂತೆಯೇ. ರೋಗವಿಲ್ಲದ ಅಂಗಾಂಶ ಕೃಷಿಯ ಸಸಿಗಳಿಂದ ಈ ತಳಿಯನ್ನು ಮತ್ತೆ ನೆಲೆಗೊಳಿಸುವ ಪ್ರಯತ್ನಗಳು ನಡೆದಿವೆಯಾದರೂ, ಸೋಂಕಿದ ಮಣ್ಣಿನಲ್ಲಿ ಆ ಸಸಿಗೂ ರಕ್ಷಣೆಯಿಲ್ಲ. ಸಸ್ಯರೋಗ ಶಾಸ್ತ್ರವನ್ನು ಕಲಿತ ನಮ್ಮದೇ ಊರಿನ ಮಗನೋ ಮಗಳೋ ಈ ಒಗಟನ್ನು ಬಿಡಿಸಿದರೆ, ಅದಕ್ಕಿಂತ ದೊಡ್ಡ ಊರಸೇವೆ ಯಾವುದಿದ್ದೀತು?

ಕಾಡಿನ ಕರೆ

ಕಾಡಿನ ಕೆಲಸವೆಂದರೆ ದೂರದ ಬೆಟ್ಟದ ಮೇಲಿನ ಕೆಲಸವೆಂಬ ಭಾವನೆ ನಮ್ಮಲ್ಲಿತ್ತು. 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗಿನ ದಿನಗಳು ಆ ಭಾವನೆಯನ್ನು ಅಳಿಸಿದುವು. ಆ ನಾಲ್ಕು ತಿಂಗಳಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಓದುವ ಮಕ್ಕಳೂ ಇದ್ದರು. ಆ ಮನೆಗಳ ದುಃಖಕ್ಕೆ ಸಾಂತ್ವನದ ಮಾತು ಸಾಲದು. ಕಬ್ಬಿನ ಗದ್ದೆಗಳನ್ನೇ ಆಸರೆ ಮಾಡಿಕೊಂಡ ಚಿರತೆಯನ್ನು ಎಲ್ಲಿ ಹುಡುಕಬೇಕು, ಹೆಜ್ಜೆಯನ್ನು ಹೇಗೆ ಗುರುತಿಸಬೇಕು, ಜನರಿಗೆ ಏನು ಎಚ್ಚರಿಕೆ ಹೇಳಬೇಕು ಎಂಬುದನ್ನು ಬಲ್ಲವರು ಊರಿಗೆ ಎಷ್ಟು ಅವಶ್ಯವೆಂಬುದು ಅಂದು ಎಲ್ಲರಿಗೂ ಅರಿವಾಯಿತು. 2023ರಲ್ಲಿ ಮೈಸೂರು ಜಿಲ್ಲೆಗೆಂದು ಚಿರತೆ ಕಾರ್ಯಪಡೆಯನ್ನು ರಚಿಸಲಾಯಿತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಬೆಂಕಿಗೆ ಆಹುತಿಯಾದಾಗ ಹಸಿಸೊಪ್ಪಿನ ಕೊಂಬೆಗಳನ್ನು ಹಿಡಿದು ಜ್ವಾಲೆಯೊಡನೆ ಹೋರಾಡಿದವರು ಅರಣ್ಯ ಇಲಾಖೆಯ ಕಾವಲುಗಾರರು, ರಕ್ಷಕರು ಮತ್ತು ಸ್ವಯಂಸೇವಕರು.

ಅರಣ್ಯ ವಿದ್ಯೆಯನ್ನು ಕಲಿಸುವ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಶಿರಸಿಯಲ್ಲಿಯೂ ಕೊಡಗಿನ ಪೊನ್ನಂಪೇಟೆಯಲ್ಲಿಯೂ ಇವೆ. ಪೊನ್ನಂಪೇಟೆಯ ಕಾಲೇಜು 1995ರಲ್ಲಿ ಆರಂಭವಾಯಿತು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಅರಣ್ಯ ವಿದ್ಯೆ, ಕೃಷಿ, ಇಂಜಿನಿಯರಿಂಗ್ ಪದವೀಧರರಲ್ಲದೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ ಮೊದಲಾದವನ್ನು ಓದಿದವರೂ ಕೂರಬಹುದು. ಆ ಸೇವೆಗೆ ಆಯ್ಕೆಯಾಗುವವರು ನಾಲ್ಕು ಗಂಟೆಗಳೊಳಗೆ ಪುರುಷರಾದರೆ 25 ಕಿಲೋಮೀಟರ್, ಮಹಿಳೆಯರಾದರೆ 14 ಕಿಲೋಮೀಟರ್ ನಡೆದು ತೋರಿಸಬೇಕು. ಓದಿನ ಜೊತೆಗೆ ಕಾಲಿನ ಬಲವನ್ನೂ ಕೇಳುವ ಉದ್ಯೋಗವಿದು.

ದಾರಿಯನ್ನು ತಡವಾಗಿ ಕಂಡುಕೊಂಡವರೂ ದೊಡ್ಡ ಕೆಲಸ ಮಾಡಿದ್ದಾರೆ. ಡಾ. ಶಿವರಾಮ ಕಾರಂತರ ಪುತ್ರರಾದ ಡಾ. ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದವರು. ಆ ವೃತ್ತಿಯನ್ನು ಬಿಟ್ಟು ಬೇಸಾಯ ಮಾಡಿ, ಅನಂತರ ಅಮೆರಿಕಾದ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ವನ್ಯಜೀವಿ ವಿಜ್ಞಾನವನ್ನು ಕಲಿತು, 1980ರ ದಶಕದಿಂದ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸಿದರು. ಕಾಡಿನಲ್ಲಿಟ್ಟ ಕ್ಯಾಮೆರಾಗಳು ತೆಗೆದ ಚಿತ್ರಗಳಲ್ಲಿ ಮೈಮೇಲಿನ ಪಟ್ಟೆಗಳನ್ನು ಹೋಲಿಸಿ ಒಂದೊಂದು ಹುಲಿಯನ್ನೂ ಪ್ರತ್ಯೇಕವಾಗಿ ಗುರುತಿಸುವ ವಿಧಾನವನ್ನು ಅವರು ಬೆಳೆಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಇಂಜಿನಿಯರನ ಲೆಕ್ಕವೂ ಕಾಡಿಗೆ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೂ ಹದಿನಾರರಲ್ಲಿಯೇ ಕಾಡನ್ನು ಕಂಡ ಮಗುವಿಗೆ ಆ ಸುತ್ತು ದಾರಿ ತಪ್ಪೀತು.

ಹೆಣ್ಣುಮಕ್ಕಳನ್ನು ಕಳುಹಿಸಬಹುದೇ?

ಇಷ್ಟು ಹೇಳಿದ ಮೇಲೆ ತಾಯಂದಿರು ಕೇಳುವ ಪ್ರಶ್ನೆ ಇದು: ಹುಡುಗರಿಗಾದರೆ ಸರಿ, ಹೆಣ್ಣುಮಕ್ಕಳನ್ನು ಬಿಸಿಲು, ಕಾಡು, ಹೊಳೆ ಎಂದು ಕಳುಹಿಸುವುದು ಹೇಗೆ? ಈ ಆತಂಕ ಸಹಜವಾದುದೇ. ಆದರೆ ಭಾರತೀಯ ಅರಣ್ಯ ಸೇವೆಗೆ ಮಹಿಳೆಯರು ಮೊದಲು ಸೇರಿದ್ದು 1980ರಲ್ಲಿ. ಇಂದು ಕೃಷಿ, ತೋಟಗಾರಿಕೆ ಕಾಲೇಜುಗಳ ತರಗತಿಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗ್ರಾಮ ವಾಸ್ತವ್ಯಕ್ಕೆ ಬರುವ ತಂಡಗಳಲ್ಲಿಯೂ ಇದ್ದಾರೆ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಮಹಿಳೆಯರಿಗೆ ಶೇಕಡಾ 33ರ ಮೀಸಲಾತಿಯಿದೆ. ಹನ್ನೆರಡನೆಯ ಶತಮಾನದಲ್ಲಿಯೇ ಶರಣೆಯರ ಕಾಯಕವನ್ನು ಶರಣರ ಕಾಯಕಕ್ಕೆ ಸಮನಾಗಿ ಗೌರವಿಸಿದ ಪರಂಪರೆ ನಮ್ಮದು. ಸುರಕ್ಷತೆಯ ವ್ಯವಸ್ಥೆಯನ್ನು ವಿಚಾರಿಸಿಕೊಳ್ಳೋಣ, ಜೊತೆಗೆ ಶಿಕ್ಷಕಿಯರಿದ್ದಾರೆಯೇ ಎಂದು ಕೇಳೋಣ. ಹೆಣ್ಣೆಂಬ ಒಂದೇ ಕಾರಣಕ್ಕೆ ಬಾಗಿಲು ಹಾಕುವುದು ಬೇಡ.

ತಂದೆತಾಯಿಗಳು ಮಾಡಬಹುದಾದುದು

ಮೈಸೂರಿನ ಕಾರಂಜಿ ಕೆರೆಯ ಬಳಿ 1995ರಿಂದ ಇರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವು ಮಕ್ಕಳಿಗೆ ನಿಸರ್ಗ ಅಧ್ಯಯನದ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದೆ. 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತವೆ. ಪ್ರಾಣಿಗಳ ಆಹಾರ, ಚಿಕಿತ್ಸೆ, ಪಾಲನೆಗಳನ್ನು ಮಕ್ಕಳು ಅಲ್ಲಿ ಸಮೀಪದಿಂದ ನೋಡಬಹುದು. ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಹೆಸರಾಗಿದೆ. ಬಂಡೀಪುರ, ನಾಗರಹೊಳೆಗಳ ಅಂಚಿನ ಶಾಲೆಗಳಲ್ಲಿ 2018ರಿಂದ ‘ವೈಲ್ಡ್ ಶಾಲೆ’ ಎಂಬ ಕಾರ್ಯಕ್ರಮವು ಕಾಡುಪ್ರಾಣಿಗಳೊಡನೆ ಬಾಳುವ ಬಗೆಯನ್ನು ಮಕ್ಕಳಿಗೆ ಆಟಪಾಠಗಳ ಮೂಲಕ ಕಲಿಸಿದೆ. ಶಿಬಿರಗಳ ದಿನಾಂಕ, ವಯೋಮಿತಿ, ಶುಲ್ಕಗಳು ಪ್ರತಿವರ್ಷ ಬದಲಾಗುವುದರಿಂದ ಮಾರ್ಚ್ ತಿಂಗಳಿನಲ್ಲಿಯೇ ವಿಚಾರಿಸುವುದು ಒಳ್ಳೆಯದು.

ಶಿಬಿರ ದೊರೆಯದಿದ್ದರೆ ಮನೆಯವರೇ ನಾಲ್ಕು ವಾರಗಳ ಒಂದು ಕ್ರಮವನ್ನು ಹಾಕಿಕೊಳ್ಳಬಹುದು. ಮೊದಲ ವಾರ ಸ್ವಂತ ಹೊಲ ಅಥವಾ ಬಂಧುಗಳ ತೋಟ. ಎರಡನೆಯ ವಾರ ರೇಷ್ಮೆ ಮನೆ ಅಥವಾ ಹೈನುಗಾರಿಕೆ. ಮೂರನೆಯ ವಾರ ನಾಲೆ, ಕೆರೆ, ನದಿ. ನಾಲ್ಕನೆಯ ವಾರ ಮೈಸೂರಿನ ಸಂಸ್ಥೆಗಳ ಭೇಟಿ. ಹೋದಲ್ಲೆಲ್ಲ ಒಬ್ಬ ಕೆಲಸಗಾರನನ್ನೋ ಅಧಿಕಾರಿಯನ್ನೋ ಮಾತನಾಡಿಸಿ ನಾಲ್ಕು ಪ್ರಶ್ನೆ ಕೇಳಲಿ: ತಾವು ಏನು ಓದಿದಿರಿ? ದಿನ ಹೇಗೆ ಸಾಗುತ್ತದೆ? ಕಷ್ಟವೇನು? ಸಂತೋಷವೇನು? ಉತ್ತರಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಸುತ್ತಾಟ ಮುಗಿಸಿ ನಡುಹಗಲ ಬಿಸಿಲನ್ನು ತಪ್ಪಿಸಬೇಕು. ತಲೆಗೆ ಟವೆಲ್ಲು, ಕಾಲಿಗೆ ಮುಚ್ಚಿದ ಪಾದರಕ್ಷೆ, ಕೈಯಲ್ಲಿ ನೀರು ಇರಲೇಬೇಕು. ಸುಳಿಯುಳ್ಳ ನದಿಗೆ ಮಕ್ಕಳು ಒಂಟಿಯಾಗಿ ಇಳಿಯಕೂಡದು. ಬೇಸಿಗೆಯು ಕಾಳ್ಗಿಚ್ಚಿನ ಕಾಲವಾದ್ದರಿಂದ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡಬಾರದು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಉದ್ಯೋಗಗಳೆಲ್ಲ ಸುಲಭದವಲ್ಲ. ಸರ್ಕಾರಿ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಕೃಷಿ ಪದವಿ ಪಡೆದವರಲ್ಲಿ ಅನೇಕರು ಬ್ಯಾಂಕು, ಬೀಜ ಮತ್ತು ಗೊಬ್ಬರದ ಸಂಸ್ಥೆಗಳು, ಸ್ವಂತ ಉದ್ಯಮ ಎಂದು ಬೇರೆ ಬೇರೆ ಕಡೆ ನೆಲೆ ಕಂಡುಕೊಳ್ಳುತ್ತಾರೆ. ಬಯಲಿಗೆ ಹೋಗಿ ಬಂದ ಮಗು ‘ಇದು ನನಗೆ ಒಗ್ಗದು’ ಎಂದರೆ ಅದೂ ಲಾಭವೇ. ನಾಲ್ಕು ವರ್ಷ ಓದಿ ಬಳಿಕ ಹಾಗೆನ್ನುವುದಕ್ಕಿಂತ ನಾಲ್ಕು ವಾರ ಓಡಾಡಿ ಹಾಗೆನ್ನುವುದು ಮೇಲು. ಕಾರ್ಖಾನೆಯನ್ನೋ ಕಚೇರಿಯನ್ನೋ ಆರಿಸಿಕೊಂಡ ಮಗುವೂ ಆಮೇಲೆ ತಾನು ಕುಡಿಯುವ ನೀರನ್ನು, ತಿನ್ನುವ ಅನ್ನವನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ, ಮಕ್ಕಳಿಗೂ ಬೋಧಿಸುತ್ತೇವೆ. ಆದರೆ ಮಣ್ಣಿನ ಕೆಲಸಕ್ಕೆ ಹೊರಟ ಮಗನಿಗೆ ‘ಇಷ್ಟು ಓದಿ ಮತ್ತೆ ಮಣ್ಣಿಗೇ ಹೋಗುತ್ತೀಯಾ?’ ಎಂದು ಕೇಳುವವರೂ ನಾವೇ. ಈ ಬೇಸಿಗೆಯಲ್ಲಿ ಆ ಪ್ರಶ್ನೆಯನ್ನು ಬದಿಗಿಡೋಣ. ಮಗುವಿನ ಕೈಗೆ ಒಂದು ನೋಟುಪುಸ್ತಕವನ್ನೂ ಒಂದು ಬಾಟಲಿ ನೀರನ್ನೂ ಕೊಟ್ಟು, ಅದರ ಜೊತೆ ಒಂದು ಬೆಳಿಗ್ಗೆಯಾದರೂ ನಾವೇ ಹೊಲದ ಬದುವಿನ ಮೇಲೆ ನಡೆದು ನೋಡೋಣ. ಆಯ್ಕೆಯನ್ನು ಆಮೇಲೆ ಮಗುವೇ ಮಾಡಲಿ.